ಬಿಡುವುದೋ, ಕಾಯುವುದೋ?

ತಾಳಿದವನು ಬಾಳಿಯಾನು ಎಂಬುದು ನಮ್ಮ ಹಿರಿಯರ ಮಾತು. ಉದ್ಯೋಗಂ ಪುರುಷಲಕ್ಷಣಂ ಎಂಬುದೂ ಅವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಮಾತೇ. ಈ ಎರಡು ಮಾತುಗಳ ಆಸರೆಯಿಂದ ನಮ್ಮ ಎಷ್ಟೋ ಕುಟುಂಬಗಳು ಬಡತನದ ಹೊಳೆಯನ್ನು ದಾಟಿ ಬಂದಿವೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಹೊಸಿಲಿಗೆ ಹೊಸದೊಂದು ಪ್ರಶ್ನೆ ಬಂದು ನಿಂತಿದೆ. ಅದಕ್ಕೆ ಉತ್ತರ ಹೇಳಲು ಗಾದೆಗಳಷ್ಟೇ ಸಾಲವು.

ಬೆಂಗಳೂರಿನಲ್ಲೋ ಹೊಸೂರಿನಲ್ಲೋ, ಪುಣೆಯಲ್ಲೋ ಹೈದರಾಬಾದಿನಲ್ಲೋ ದೊಡ್ಡ ಕಂಪೆನಿಯೊಂದರಲ್ಲಿ ದುಡಿಯುವ ಮಗನೋ ಮಗಳೋ ಹಬ್ಬಕ್ಕೆಂದು ಊರಿಗೆ ಬರುತ್ತಾರೆ. ಎಲೆಯ ಮುಂದೆ ಕುಳಿತಾಗಲೂ ಕಣ್ಣು ಮೊಬೈಲಿನ ಮೇಲೆ. ರಾತ್ರಿ ಎರಡು ಗಂಟೆಗೂ ನಿದ್ದೆಯಿಲ್ಲ. ತಾಯಿ ಮೈದಡವಿ ಕೇಳಿದಾಗ ಮಾತು ಹೊರಬರುತ್ತದೆ: "ಈ ಕೆಲಸ ಇನ್ನು ನನ್ನಿಂದ ಆಗುವುದಿಲ್ಲಮ್ಮ. ಬಿಟ್ಟುಬಿಡೋಣವೆಂದರೆ ಕಂಪೆನಿಯವರೇ ಜನರನ್ನು ತೆಗೆಯುತ್ತಾರೆಂಬ ಸುದ್ದಿಯಿದೆ. ಅವರಾಗಿ ತೆಗೆದರೆ ಪರಿಹಾರದ ಹಣ ಕೊಡುತ್ತಾರೆ. ನಾನಾಗಿ ಬಿಟ್ಟರೆ ಅದಿಲ್ಲ. ಏನು ಮಾಡಲಿ?"

ಬಿಡು ಎಂದು ಹೇಳುವುದು ಸುಲಭ. ಕಾಯಿ ಎಂದು ಹೇಳುವುದು ಇನ್ನೂ ಸುಲಭ. ಹಾಗೆ ಹೇಳಿದವರ ಮಾತಿನ ಫಲವನ್ನು ಉಣ್ಣಬೇಕಾದವರು ಮಾತ್ರ ಬೇರೆಯವರು. ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಈ ಪ್ರಶ್ನೆಗೆ ಇಲ್ಲವಾದರೂ, ಉತ್ತರವನ್ನು ಕಂಡುಕೊಳ್ಳುವ ಒಂದು ಕ್ರಮವಿದೆ. ಕೈಯಲ್ಲಿ ಯಾವ ಕಾಗದವಿದೆ, ಲೆಕ್ಕ ಏನು ಹೇಳುತ್ತದೆ, ಶರೀರ ಎಷ್ಟು ದಿನ ತಡೆದೀತು, ಯಾವ ದಿನದವರೆಗೆ ಕಾಯುವುದು ಎಂಬ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಂಡರೆ ಮನಸ್ಸಿನ ಮಂಜು ಬಹುಮಟ್ಟಿಗೆ ಕರಗುತ್ತದೆ. ಆ ಕ್ರಮವನ್ನು ನಮ್ಮ ಕುಟುಂಬಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ದಾರಿಗಳ ನಡುವಣ ಅಂತರ

ನೌಕರನು ತಾನಾಗಿ ಹೊರಡುವುದಕ್ಕೆ ರಾಜೀನಾಮೆ ಎಂದು ಹೆಸರು. ಮಾಲೀಕರು ಅವನ ತಪ್ಪಿಲ್ಲದೆಯೇ, ಕೆಲಸ ಕಡಿಮೆಯಾಯಿತೆಂಬ ಕಾರಣದಿಂದ ಅವನನ್ನು ತೆಗೆಯುವುದಕ್ಕೆ ಹಿಂಬಡ್ತಿಯೂ ಅಲ್ಲದ, ಶಿಕ್ಷೆಯೂ ಅಲ್ಲದ ಇನ್ನೊಂದು ಹೆಸರಿದೆ. ಕಚೇರಿಯ ಮಾತಿನಲ್ಲಿ ಅದು ರಿಟ್ರೆಂಚ್‌ಮೆಂಟ್. ಹೊರನೋಟಕ್ಕೆ ಎರಡರ ಕೊನೆಯೂ ಒಂದೇ: ನಾಳೆಯಿಂದ ಕೆಲಸವಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಇವೆರಡರ ನಡುವೆ ಅಜಗಜಾಂತರವಿದೆ.

1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಕಾಲದಿಂದಲೂ ನಡೆದುಬಂದ ನಿಯಮ ಹೀಗಿದೆ. ಕನಿಷ್ಠ ಒಂದು ವರ್ಷ ಎಡೆಬಿಡದೆ ದುಡಿದ ಕಾರ್ಮಿಕನನ್ನು ಈ ರೀತಿ ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸನ್ನೋ ಅದರ ಬದಲು ಒಂದು ತಿಂಗಳ ವೇತನವನ್ನೋ ಕೊಡಬೇಕು. ಅದಲ್ಲದೆ ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷವೆಂದೇ ಲೆಕ್ಕ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೂ ಈ ತಳಹದಿಯನ್ನು ಉಳಿಸಿಕೊಂಡಿವೆ. ಅದರ ಮೇಲೆ, ಹೀಗೆ ಕೆಲಸ ಕಳೆದುಕೊಂಡ ಕಾರ್ಮಿಕನು ಹೊಸ ಕಸುಬನ್ನು ಕಲಿಯಲೆಂದು ಇನ್ನೂ 15 ದಿನಗಳ ವೇತನವನ್ನು ಪ್ರತ್ಯೇಕ ನಿಧಿಯೊಂದರ ಮೂಲಕ ಅವನ ಖಾತೆಗೆ ಸೇರಿಸಬೇಕೆಂಬ ನಿಯಮವನ್ನೂ ತಂದಿವೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಈ ರಕ್ಷಣೆ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಎನಿಸಿಕೊಂಡವರಿಗೆ ಮಾತ್ರ. ಆಡಳಿತದ ಅಧಿಕಾರವುಳ್ಳವರು ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಈ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ದೊಡ್ಡ ಕಂಪೆನಿಗಳಲ್ಲಿ ನಾಲ್ಕು ಜನರ ಮೇಲೆ ನಾಯಕನೆನಿಸಿಕೊಂಡ ನಮ್ಮ ಹುಡುಗನಿಗೆ ಕಾನೂನಿಗಿಂತಲೂ ಅವನ ನೇಮಕಾತಿ ಪತ್ರ ಮತ್ತು ಕಂಪೆನಿಯ ಸ್ವಂತ ಯೋಜನೆಗಳೇ ಆಧಾರವಾಗುವುದುಂಟು. ಆದುದರಿಂದ ಪೆಟ್ಟಿಗೆಯ ತಳದಲ್ಲಿ ಮಲಗಿರುವ ನೇಮಕಾತಿ ಪತ್ರವನ್ನು ಹೊರತೆಗೆದು, ಇಂಗ್ಲಿಷ್ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯವಾದುದು. ಸ್ವಇಚ್ಛೆಯಿಂದ ಹೊರಟವನನ್ನು ಕಾನೂನು 'ತೆಗೆಯಲ್ಪಟ್ಟವನು' ಎಂದು ಪರಿಗಣಿಸುವುದಿಲ್ಲ. ಕೆಲವೆಡೆ ಜನರನ್ನು ಕಡಿಮೆ ಮಾಡುವಾಗ ಒಂದು ಕೋಣೆಗೆ ಕರೆದು, "ನೀವೇ ರಾಜೀನಾಮೆ ಬರೆದುಕೊಡಿ, ನಿಮ್ಮ ಹೆಸರಿಗೆ ಕಳಂಕ ಬರುವುದಿಲ್ಲ" ಎಂದು ನಯವಾಗಿ ಹೇಳುತ್ತಾರೆ. ಆ ಕ್ಷಣದಲ್ಲಿ ಗಾಬರಿಯಿಂದ ಹಾಕಿದ ಒಂದು ಸಹಿ ಹತ್ತು ವರ್ಷದ ಸೇವೆಯ ಪರಿಹಾರವನ್ನು ಅಳಿಸಿಹಾಕಬಲ್ಲುದು. ಎಷ್ಟು ಹಣ, ಯಾವ ದಿನ, ಯಾವ ಲೆಕ್ಕದಲ್ಲಿ ಎಂಬುದು ಬರವಣಿಗೆಯಲ್ಲಿ ಕೈಸೇರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬಾರದು. "ಮನೆಯಲ್ಲಿ ವಿಚಾರಿಸಿ ನಾಳೆ ಹೇಳುತ್ತೇನೆ" ಎಂದು ಎದ್ದುಬರುವುದು ಅವಿಧೇಯತೆಯಲ್ಲ.

ಬಿಟ್ಟರೂ ಉಳಿಯುವುದೇನು?

ರಾಜೀನಾಮೆ ಕೊಟ್ಟರೆ ಎಲ್ಲವೂ ಹೋಯಿತು ಎಂಬ ತಪ್ಪು ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಅದು ನಿಜವಲ್ಲ. ಪ್ರಾವಿಡೆಂಟ್ ಫಂಡಿನ ಹಣ ನೌಕರನದೇ. ಹೊಸ ಕೆಲಸಕ್ಕೆ ಸೇರಿದಾಗ ಖಾತೆಯನ್ನು ವರ್ಗಾಯಿಸಿಕೊಳ್ಳಬಹುದು. ಅದರೊಡನೆ ಪಿಂಚಣಿ ಯೋಜನೆಯ ಸದಸ್ಯರಾದವರಿಗೆ ಒಟ್ಟು 10 ವರ್ಷಗಳ ಸೇವೆಯಿದ್ದರೆ 58ನೆಯ ವಯಸ್ಸಿನಿಂದ ಪಿಂಚಣಿಯ ಹಕ್ಕಿದೆ. ಹಾಗಾಗಿ ಒಂಬತ್ತು ವರ್ಷ ತುಂಬಿದವರು ಹಣವನ್ನು ಹಿಂತೆಗೆದು ಖಾತೆಯನ್ನು ಮುಚ್ಚುವ ಆತುರ ಮಾಡಬಾರದು.

ಗ್ರಾಚ್ಯುಯಿಟಿಯೂ ಹಾಗೆಯೇ. 1972ರ ಕಾಯಿದೆಯಿಂದ ಬಂದ ಈ ಹಕ್ಕು, ಐದು ವರ್ಷ ಸೇವೆ ಪೂರೈಸಿದವರಿಗೆ ರಾಜೀನಾಮೆ ಕೊಟ್ಟರೂ ದೊರೆಯುತ್ತದೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ಮೊತ್ತ ಸಿಗುತ್ತದೆ. 2018ರಿಂದ ಇದರ ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಕೊಡತಕ್ಕದ್ದು. ನಾಲ್ಕು ವರ್ಷ ಹತ್ತು ತಿಂಗಳು ಆದವರು ಇನ್ನೆರಡು ತಿಂಗಳು ಹಲ್ಲು ಕಚ್ಚಿ ನಿಲ್ಲುವುದು ಜಾಣತನವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೊಸ ಸಂಹಿತೆಯ ಪ್ರಕಾರ ನಿಶ್ಚಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷದ ಷರತ್ತು ಇಲ್ಲ. ಒಂದು ವರ್ಷ ಪೂರೈಸಿದರೆ ಸಾಕು.

ಇನ್ನು ಬಾಕಿ ಸಂಬಳದ ಮಾತು. ರಾಜೀನಾಮೆಯಿರಲಿ, ತೆಗೆದುಹಾಕಿದ್ದಿರಲಿ, ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನವನ್ನು ತೀರಿಸಬೇಕೆಂದು ಈಗಿನ ವೇತನ ಸಂಹಿತೆ ವಿಧಿಸುತ್ತದೆ.

ಗಡಿನಾಡಿನ ನಮ್ಮವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮನೆ ಹೊಸೂರಿನಲ್ಲಿದ್ದು ಕೆಲಸ ಬೆಂಗಳೂರಿನಲ್ಲಿದ್ದರೆ, ಕಂಪೆನಿಯ ಮೇಲಿನ ದೂರನ್ನು ಒಯ್ಯಬೇಕಾದುದು ಸಾಮಾನ್ಯವಾಗಿ ಕೆಲಸದ ಸ್ಥಳವಿರುವ ಕರ್ನಾಟಕದ ಕಾರ್ಮಿಕ ಇಲಾಖೆಗೆ. ಮನೆಯಿರುವ ತಮಿಳುನಾಡಿನ ಇಲಾಖೆಗೆ ಅಲ್ಲ. ಅಕ್ಕಲಕೋಟೆಯಿಂದ ಕಲಬುರಗಿಗೆ ಹೋಗಿ ದುಡಿಯುವವರಿಗೂ, ಕಾಸರಗೋಡಿನಿಂದ ಮಂಗಳೂರಿಗೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಒಂದು ಲೆಕ್ಕ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದಿದ್ದನು. ಬೆಂಗಳೂರಿನ ಕಂಪೆನಿಯೊಂದರಲ್ಲಿ ಒಂಬತ್ತು ವರ್ಷ ಎಂಟು ತಿಂಗಳು ಸೇವೆ ಸಲ್ಲಿಸಿದ್ದನು. ಸಂಬಳ ತಿಂಗಳಿಗೆ 60,000 ರೂಪಾಯಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 30,000. ಹಿಂದೊಮ್ಮೆ ಜನರನ್ನು ಕಡಿಮೆ ಮಾಡಿದಾಗ ಆ ಕಂಪೆನಿಯು ಎರಡು ತಿಂಗಳ ಪೂರ್ಣ ಸಂಬಳವನ್ನೂ ಪ್ರತಿ ವರ್ಷದ ಸೇವೆಗೆ ಅರ್ಧ ತಿಂಗಳ ಸಂಬಳವನ್ನೂ ಕೊಟ್ಟಿತ್ತಂತೆ. ಈ ಸಲವೂ ಹಾಗೆಯೇ ಆಗುವುದೆಂಬ ಸುದ್ದಿ ಎಂಟು ತಿಂಗಳಿಂದ ಓಡಾಡುತ್ತಿತ್ತು. ಬರವಣಿಗೆಯಲ್ಲಿ ಮಾತ್ರ ಏನೂ ಬಂದಿರಲಿಲ್ಲ.

"ಏನು ಮಾಡಲಿ ಮೇಷ್ಟ್ರೇ?" ಎಂದನು. "ಮೊದಲು ಸ್ಲೇಟು ತೆಗಿ" ಎಂದೆ. ಅವನು ನಕ್ಕನು, ಬಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ಕಾಗದ ತೆಗೆದುಕೊಂಡು ಇಬ್ಬರೂ ಕುಳಿತೆವು.

ತಾನಾಗಿ ಬಿಟ್ಟರೆ ಬರುವ ಗ್ರಾಚ್ಯುಯಿಟಿ: 30,000ವನ್ನು 26ರಿಂದ ಭಾಗಿಸಿ, 15ರಿಂದಲೂ 10ರಿಂದಲೂ ಗುಣಿಸಿದಾಗ 1,73,077 ರೂಪಾಯಿ. ಕಂಪೆನಿಯೇ ತೆಗೆದರೆ ಈ ಹಣ ಹೇಗೂ ಉಂಟು. ಅದರ ಮೇಲೆ ಎರಡು ತಿಂಗಳ ಸಂಬಳ 1,20,000 ಮತ್ತು ಹತ್ತು ವರ್ಷಕ್ಕೆ ಅರ್ಧ ತಿಂಗಳಂತೆ 3,00,000, ಒಟ್ಟು 4,20,000 ರೂಪಾಯಿ. ಮನೆ ಬಾಡಿಗೆ, ಸಾಲದ ಕಂತು, ಮಗುವಿನ ಶಾಲೆ, ಊರಿಗೆ ಕಳುಹಿಸುವ ಹಣ ಎಲ್ಲವನ್ನೂ ಕೂಡಿಸಿದರೆ ಅವನ ಸಂಸಾರದ ಖರ್ಚು ತಿಂಗಳಿಗೆ 35,000. ಅಂದರೆ ಗ್ರಾಚ್ಯುಯಿಟಿಯೊಂದರಿಂದಲೇ ಸುಮಾರು ಐದು ತಿಂಗಳು ಸಂಸಾರ ಸಾಗುತ್ತದೆ. ಪರಿಹಾರವೂ ಬಂದರೆ ಇನ್ನೊಂದು ವರ್ಷ.

ಒಂದು ವರ್ಷದ ಅನ್ನವೆಂದರೆ ಸಣ್ಣ ಮಾತಲ್ಲ. ಕಾಯಬೇಕೆಂಬ ಅವನ ಆಸೆಯನ್ನು ದುರಾಸೆಯೆಂದು ಯಾರೂ ಹಳಿಯುವಂತಿಲ್ಲ. ಆದರೆ ಆ 4,20,000 ರೂಪಾಯಿ ಕೈಯಲ್ಲಿರುವ ಹಣವಲ್ಲ. ಬಂದರೆ ಬಂದೀತು ಎನ್ನುವ ಹಣ. ಬರುವ ಸಂಭವವನ್ನು ಅರ್ಧಕ್ಕರ್ಧವೆಂದು ಹಿಡಿದರೆ ಅದರ ಇಂದಿನ ಬೆಲೆ 2,10,000. ಇದು ಅವನ ಮೂರೂವರೆ ತಿಂಗಳ ಸಂಬಳಕ್ಕೆ ಸಮ. ಸುದ್ದಿ ಹುಟ್ಟಿ ಎಂಟು ತಿಂಗಳಾಗಿದ್ದವು. ಆ ಎಂಟು ತಿಂಗಳಲ್ಲಿ ಅವನು ಹೊಸ ಕೆಲಸಕ್ಕಾಗಿ ಒಂದು ಅರ್ಜಿಯನ್ನೂ ಹಾಕಿರಲಿಲ್ಲ. "ಇವತ್ತೋ ನಾಳೆಯೋ ಹಣ ಬರುತ್ತದೆ ಅಂತ ಸುಮ್ಮನಿದ್ದೆ" ಎಂದನು. ಕಾಯುವಿಕೆಯ ನಿಜವಾದ ನಷ್ಟ ಇಲ್ಲಿದೆ.

ಕಾದವರ ಅನುಭವ

ನಮ್ಮ ಸುತ್ತಮುತ್ತಲೇ ನಡೆದ ಮೂರು ಪ್ರಸಂಗಗಳು ಈ ಮಾತನ್ನು ಸ್ಪಷ್ಟಗೊಳಿಸುತ್ತವೆ.

ಮೊದಲನೆಯದು, ಕಾದದ್ದು ಸಾರ್ಥಕವಾದ ಪ್ರಸಂಗ. 2019ರಲ್ಲಿ ಸರಕಾರಿ ದೂರವಾಣಿ ಸಂಸ್ಥೆಯಾದ ಬಿ.ಎಸ್.ಎನ್.ಎಲ್.ನಲ್ಲಿ ಸಂಬಳವೇ ತಡವಾಗತೊಡಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟವು ಸ್ವಯಂ ನಿವೃತ್ತಿ ಯೋಜನೆಗೆ ಒಪ್ಪಿಗೆಯಿತ್ತಿತು. 50 ವರ್ಷ ತುಂಬಿದವರು ನವೆಂಬರ್ 4ರಿಂದ ಡಿಸೆಂಬರ್ 3ರೊಳಗೆ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ಪ್ರತಿ ವರ್ಷದ ಸೇವೆಗೆ 35 ದಿನಗಳ, ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ಸಂಬಳದ ಲೆಕ್ಕದಲ್ಲಿ ಪರಿಹಾರ. ಸುಮಾರು 78 ಸಾವಿರ ನೌಕರರು ಇದನ್ನು ಒಪ್ಪಿ 2020ರ ಜನವರಿ 31ರಂದು ಒಟ್ಟಿಗೆ ನಿವೃತ್ತರಾದರು. ಸಂಬಳ ತಡವಾಯಿತೆಂದು ಆ ಬೇಸಗೆಯಲ್ಲೇ ಬೇಸತ್ತು ರಾಜೀನಾಮೆ ಕೊಟ್ಟವನಿದ್ದರೆ ಅವನಿಗೆ ಇದರಲ್ಲಿ ಪಾಲಿರಲಿಲ್ಲ. ಇಲ್ಲಿ ಹಿಂದೆ ನಿಂತದ್ದು ಸರಕಾರ, ಯೋಜನೆ ಬರವಣಿಗೆಯಲ್ಲಿತ್ತು, ಲೆಕ್ಕ ಬಹಿರಂಗವಾಗಿತ್ತು, ದಿನಾಂಕ ನಿಶ್ಚಿತವಾಗಿತ್ತು.

ಎರಡನೆಯದು ಇದಕ್ಕೆ ವಿರುದ್ಧವಾದುದು. ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡಿದ್ದ ಕಿಂಗ್‌ಫಿಶರ್ ವಿಮಾನ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿದಾಗ ಅದರ ನೌಕರರಿಗೆ ಹಲವು ತಿಂಗಳ ಸಂಬಳವೇ ಬಾಕಿಯಿತ್ತು. ಸಂಬಳವೇ ಬಾರದ ಕಡೆ ಪರಿಹಾರಧನ ಬರುವುದೆಂದು ಕಾಯುವುದು ಬತ್ತಿದ ಬಾವಿಗೆ ಹಗ್ಗ ಇಳಿಬಿಟ್ಟಂತೆ. 2016ರ ದಿವಾಳಿ ಸಂಹಿತೆಯು ಕಂಪೆನಿ ಮುಳುಗಿದಾಗ ಕಾರ್ಮಿಕರ ಕೊನೆಯ 24 ತಿಂಗಳ ಬಾಕಿಗೆ ಅಡಮಾನ ಸಾಲಗಾರರ ಜೊತೆಗೆ ಸಮಸ್ಥಾನವನ್ನೂ, ಇತರ ನೌಕರರ 12 ತಿಂಗಳ ಬಾಕಿಗೆ ಅದರ ನಂತರದ ಸ್ಥಾನವನ್ನೂ ಕೊಟ್ಟಿರುವುದು ನಿಜ. ಆದರೆ ಸರದಿಯಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಹಂಡೆಯಲ್ಲಿ ಅನ್ನವಿದೆ ಎಂದರ್ಥವಲ್ಲ. ಎರಡು ತಿಂಗಳ ಸಂಬಳ ತಪ್ಪಿದರೆ ಅದನ್ನೇ ನೋಟಿಸೆಂದು ತಿಳಿಯಬೇಕು.

ಮೂರನೆಯದು ನಮ್ಮ ನೆರೆಯ ಕೋಲಾರ ಚಿನ್ನದ ಗಣಿಯದು. ನೂರು ವರ್ಷಕ್ಕೂ ಮಿಕ್ಕಿ ನಡೆದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರೋಗಗ್ರಸ್ತ ಉದ್ಯಮವೆಂದು ಅದರ ಹೆಸರು ಕೇಂದ್ರದ ಮಂಡಳಿಯ ಮುಂದೆ ಬಂದದ್ದು 1992ರಲ್ಲಿ. ಎಚ್ಚರಿಕೆಯ ಗಂಟೆಗೂ ಬಾಗಿಲು ಮುಚ್ಚಿದ ದಿನಕ್ಕೂ ನಡುವೆ ಎಂಟು ಒಂಬತ್ತು ವರ್ಷಗಳಿದ್ದವು. ಗಣಿಯ ಕೆಲಸವಲ್ಲದೆ ಬೇರೊಂದನ್ನು ತಲೆಮಾರುಗಳಿಂದ ಅರಿಯದ ಆ ಜನರಿಗೆ ಊರಿನಲ್ಲಿ ಬೇರೆ ಆಸರೆ ಇರಲಿಲ್ಲ. ಇಂದಿಗೂ ಆ ಊರಿನ ಸಾವಿರಾರು ಮಂದಿ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬಂದು ರಾತ್ರಿ ಹಿಂತಿರುಗುತ್ತಾರೆ. ಕೈಗೆ ಬಂದ ಪರಿಹಾರದ ಹಣ ಒಂದು ದಿನ ಮುಗಿಯುತ್ತದೆ. ಕೈಗೆ ಬಂದ ಎರಡನೆಯ ಕಸುಬು ಮುಗಿಯುವುದಿಲ್ಲ.

ಶರೀರದ ಲೆಕ್ಕ

ಹಣದ ಲೆಕ್ಕದಲ್ಲಿ ಕಾಣಿಸದ ಇನ್ನೊಂದು ಖರ್ಚಿದೆ. ದುಡಿಮೆಯಿಂದ ಬರುವ ಬಸವಳಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ವರ್ಗೀಕರಣದಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯದೆ, ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಕರೆದು ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಯೆಲ್ಲ ಸೋರಿಹೋದಂಥ ದಣಿವು, ಕೆಲಸದ ಬಗ್ಗೆ ಜುಗುಪ್ಸೆ ಅಥವಾ ದೂರವಾದ ಭಾವ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಕುಗ್ಗುವಿಕೆ. ಅದೇ ಸಂಸ್ಥೆಯು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಡನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಅಧಿಕ. ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಅಧಿಕ.

ಒಕ್ಕಲುತನದ ಮನೆಯವರು ಎತ್ತಿನ ಹೆಗಲು ಹುಣ್ಣಾದರೆ ನೊಗದಿಂದ ಬಿಡಿಸಿ ಕಟ್ಟುತ್ತಾರೆ. ಹಂಗಾಮು ಮುಗಿಯಲಿ ಎಂದು ಕಾಯುವುದಿಲ್ಲ. ಮನುಷ್ಯನಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಡವೇ? ಮೂವತ್ತೈದರ ಹರೆಯದಲ್ಲೇ ರಕ್ತದೊತ್ತಡ ಏರಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬೆಳಿಗ್ಗೆ ಕಚೇರಿಯ ಹೆಸರೆತ್ತಿದೊಡನೆ ಎದೆ ಹೊಡೆದುಕೊಂಡರೆ, ಮೊದಲು ವೈದ್ಯರಲ್ಲಿಗೆ ಹೋಗಬೇಕು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಪರಿಹಾರಧನದ ಚರ್ಚೆಯೇ ಬೇಡ; ಆ ದಿನವೇ ನೆರವು ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಇದಕ್ಕೆ ಖರ್ಚಿಲ್ಲ. ವೈದ್ಯರ ಸಲಹೆಯ ಮೇಲೆ ರಜೆ ಪಡೆಯುವುದು ಬಿಡುವುದಕ್ಕೂ ಕಾಯುವುದಕ್ಕೂ ನಡುವಣ ಮೂರನೆಯ ದಾರಿ ಎಂಬುದನ್ನು ಹಲವರು ಮರೆಯುತ್ತಾರೆ.

ಕಾಯುವುದಾದರೆ

ಕಾಯಲು ನಿಶ್ಚಯಿಸಿದವರು ಗಡುವಿಟ್ಟುಕೊಂಡು ಕಾಯಬೇಕು. ಗಡುವಿಲ್ಲದ ಕಾಯುವಿಕೆ ತಾಳ್ಮೆಯಲ್ಲ, ತಳಮಳ. ಯುಗಾದಿ, ಶಾಲೆ ತೆರೆಯುವ ದಿನ, ಸಾಲದ ಕೊನೆಯ ಕಂತು, ಹೀಗೆ ಒಂದು ದಿನವನ್ನು ಗೊತ್ತುಮಾಡಿ ಮನೆಯವರೆಲ್ಲರಿಗೂ ತಿಳಿಸಬೇಕು. ಆ ಅವಧಿಯಲ್ಲಿ ಸಂಬಳದಿಂದ ಸಾಧ್ಯವಾದಷ್ಟನ್ನು ತೆಗೆದಿಟ್ಟು ಆರು ತಿಂಗಳ ಖರ್ಚನ್ನು ಕೂಡಿಸಬೇಕು. ಹೊಸ ಸಾಲವನ್ನು ಮಾಡಬಾರದು. ಹೊಸ ಕೆಲಸಕ್ಕೆ ಅರ್ಜಿಗಳನ್ನು ಹಾಕುತ್ತಲೇ ಇರಬೇಕು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬಡ್ತಿಯ ಆದೇಶಗಳು, ಮೆಚ್ಚುಗೆಯ ಪತ್ರಗಳು ಇವೆಲ್ಲದರ ಪ್ರತಿಗಳು ಮನೆಯಲ್ಲಿರಲಿ. ಬಾಗಿಲು ಮುಚ್ಚಿದ ದಿನ ಕಚೇರಿಯ ಕಂಪ್ಯೂಟರು ನಮ್ಮ ಗುರುತು ಹಿಡಿಯುವುದಿಲ್ಲ. ಕೆಲಸವನ್ನು ಮಾತ್ರ ನಿಯತ್ತಿನಿಂದ ಮಾಡುತ್ತಿರಬೇಕು. ಅಶಿಸ್ತಿನ ಕಾರಣ ತೋರಿಸಿ ತೆಗೆದರೆ ಪರಿಹಾರದ ಹಕ್ಕೇ ಇಲ್ಲವಾಗಬಹುದು.

ಬಿಡುವುದಾದರೆ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು. ಮೇಲಧಿಕಾರಿಯ ಮಾತು ಎದೆಗೆ ನಾಟಿದ ಸಂಜೆ ರಾಜೀನಾಮೆಯನ್ನು ಬರೆಯಬಾರದು, ಬರೆದರೂ ಕಳುಹಿಸಬಾರದು. ಕಳುಹಿಸುವ ಮುನ್ನ ನೋಟಿಸಿನ ಅವಧಿ ಎಷ್ಟು, ಅದನ್ನು ಪೂರೈಸದಿದ್ದರೆ ಎಷ್ಟು ಹಣ ಕಡಿತವಾಗುತ್ತದೆ, ಹಿಂದೆ ಪಡೆದ ಮುಂಗಡವನ್ನು ಹಿಂತಿರುಗಿಸಬೇಕೇ ಎಂಬುದನ್ನು ನೋಡಿಕೊಳ್ಳಬೇಕು.

ಕಂಪೆನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮನ ಔಷಧೋಪಚಾರವೂ ಅದರಲ್ಲೇ ಸೇರಿದ್ದರೆ ಇದು ದೊಡ್ಡ ಸಂಕಟ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ; ಆದರೆ ಅದನ್ನು ಕೆಲಸದಲ್ಲಿರುವಾಗಲೇ ವಿಚಾರಿಸಬೇಕು. ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸುವ ಷರತ್ತು ಇರಬಹುದು. ಬಿಡುಗಡೆ ಪತ್ರ ಮತ್ತು ಸೇವಾ ಪ್ರಮಾಣಪತ್ರವನ್ನು ಪಡೆಯದೆ ಹೊರಬರಬಾರದು.

ಮೇಲೆ ಹೇಳಿದ ನನ್ನ ವಿದ್ಯಾರ್ಥಿಯು ಸಂಕ್ರಾಂತಿಯನ್ನು ಗಡುವಾಗಿ ಇಟ್ಟುಕೊಂಡನು. ಅರ್ಜಿಗಳನ್ನು ಹಾಕಿದನು. ಹೊಸೂರಿನ ಸಣ್ಣ ಸಂಸ್ಥೆಯೊಂದು 50,000 ರೂಪಾಯಿಗೆ ಕರೆಯಿತು. ಸಂಕ್ರಾಂತಿ ಬಂದಿತು, ಕಂಪೆನಿಯಿಂದ ಕಾಗದ ಬರಲಿಲ್ಲ. ಅವನು ವಿಧಿಬದ್ಧವಾಗಿ ರಾಜೀನಾಮೆ ಕೊಟ್ಟು ಹೊರಬಂದನು. ಅವನು ಹೊರಬಂದ ಕೆಲವೇ ವಾರಗಳಲ್ಲಿ ಕಂಪೆನಿಯು ಅವನ ವಿಭಾಗದ ಹಲವರನ್ನು ತೆಗೆದು ಅವರಿಗೆ ಪರಿಹಾರವನ್ನು ಕೊಟ್ಟಿತು.

"ಇನ್ನು ಸ್ವಲ್ಪ ದಿನ ತಾಳಿದ್ದರೆ ನಾಲ್ಕು ಲಕ್ಷ ಬರುತ್ತಿತ್ತಲ್ಲಪ್ಪ" ಎಂದು ಅವನ ತಾಯಿ ಮರುಗಿದರಂತೆ. ಅವನು ಹೇಳಿದ್ದು ಇಷ್ಟೇ: "ನಿದ್ದೆ ಬರುತ್ತಿದೆಯಲ್ಲಮ್ಮ."

ಆ ತಾಯಿಯ ಮರುಕವನ್ನು ಲಘುವಾಗಿ ಕಾಣಲಾಗದು. ನಾಲ್ಕು ಲಕ್ಷದ ಬೆಲೆ ಅವರಿಗೆ ಗೊತ್ತು. ಆದರೂ ಅವನು ಮಾಡಿದ್ದು ಸರಿಯೆಂದೇ ನಾನು ಹೇಳುತ್ತೇನೆ. ನಿರ್ಧಾರದ ಯೋಗ್ಯತೆಯನ್ನು ಅಳೆಯಬೇಕಾದುದು ಅದನ್ನು ಕೈಗೊಂಡ ದಿನ ತಿಳಿದಿದ್ದ ಸಂಗತಿಗಳಿಂದಲೇ ಹೊರತು ಆಮೇಲೆ ನಡೆದ ಘಟನೆಗಳಿಂದಲ್ಲ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬಿತ್ತಿದವನನ್ನು ದಡ್ಡನೆನ್ನುವುದಿಲ್ಲ. ಬೀಜವನ್ನೂ ನೆಲವನ್ನೂ ನೋಡದೆ ಬಿತ್ತಿದ್ದರೆ ಮಾತ್ರ ಹಾಗೆನ್ನಬಹುದು.

ಮನೆಯವರ ಹೊಣೆ

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ನಮ್ಮ ಗಡಿನಾಡಿನ ಕುಟುಂಬಗಳಲ್ಲಿ ಮಕ್ಕಳ ಕಂಪೆನಿಯ ಕೆಲಸವೆಂದರೆ ಬರಿಯ ಸಂಬಳವಲ್ಲ. ಇಲ್ಲಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಕಚೇರಿಗಳಲ್ಲಿ ಬೇರೆ ಭಾಷೆಯ ಅರ್ಜಿ ತುಂಬಿ, ಇಂಗ್ಲಿಷಿನಲ್ಲಿ ಸಂದರ್ಶನವನ್ನು ಗೆದ್ದು ಪಡೆದ ಕೆಲಸ ಅದು. ಊರಿಗೆಲ್ಲ ಹೆಮ್ಮೆ. ಆ ಹೆಮ್ಮೆಯೇ ಎಷ್ಟೋ ಸಲ ಮಕ್ಕಳ ಬಾಯಿ ಕಟ್ಟುತ್ತದೆ. ಅಪ್ಪ ನಾಲ್ಕು ಜನರ ಮುಂದೆ ನನ್ನ ಕಂಪೆನಿಯ ಹೆಸರು ಹೇಳಿ ಎದೆಯುಬ್ಬಿಸುತ್ತಾರೆ, ಅವರಿಗೆ ಹೇಗೆ ಹೇಳಲಿ ಎಂದು ಒಳಗೊಳಗೇ ಬೇಯುವವರು ಹಲವರಿದ್ದಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಬಿಟ್ಟರೆ "ಹೇಗೂ ಮನೆಯಲ್ಲಿರಲಿ" ಎಂದು ಮತ್ತೆ ಹೊರಗೆ ಹೋಗಗೊಡುವುದಿಲ್ಲವೆಂಬ ಭಯದಿಂದಲೇ ಬಳಲಿಕೆಯನ್ನು ಬಚ್ಚಿಡುತ್ತಾರೆ.

ಆದುದರಿಂದ ಮಗನೋ ಮಗಳೋ ಕೆಲಸ ಬಿಡುವ ಮಾತೆತ್ತಿದಾಗ "ಜನ ಏನೆಂದಾರು?" ಎಂಬ ಪ್ರಶ್ನೆಯನ್ನು ಬದಿಗಿರಿಸೋಣ. "ಎಷ್ಟು ದಿನದಿಂದ ಹೀಗಿದೆ? ಕಾಗದ ಏನು ಬಂದಿದೆ? ತಿಂಗಳಿಗೆ ಎಷ್ಟಿದ್ದರೆ ಸಂಸಾರ ನಡೆಯುತ್ತದೆ? ಊರಿಗೆ ಕಳುಹಿಸುವ ಹಣವನ್ನು ಆರು ತಿಂಗಳು ನಿಲ್ಲಿಸಿದರೆ ಅನುಕೂಲವಾಗುತ್ತದೆಯೇ?" ಎಂದು ಕೇಳೋಣ. ಈ ಕೊನೆಯ ಪ್ರಶ್ನೆಯನ್ನು ಮಕ್ಕಳು ತಾವಾಗಿ ಎತ್ತಲಾರರು, ಹಿರಿಯರೇ ಎತ್ತಬೇಕು. ಅದೊಂದು ಪ್ರಶ್ನೆಯಿಂದ ಇಳಿಯುವ ಹೊರೆ ಯಾವ ಪರಿಹಾರಧನಕ್ಕೂ ಕಡಿಮೆಯದಲ್ಲ.

ಕಾಗದ ನೋಡಿ, ಲೆಕ್ಕ ಹಾಕಿ, ಶರೀರವನ್ನು ವಿಚಾರಿಸಿ, ದಿನ ಗೊತ್ತುಮಾಡಿಕೊಂಡವನು ಬಿಟ್ಟರೂ ಸರಿ, ಕಾದರೂ ಸರಿ. ಇವೊಂದನ್ನೂ ಮಾಡದೆ ಸುದ್ದಿಯ ಬಾಲ ಹಿಡಿದು ಕುಳಿತವನು ಕಾಯುತ್ತಿಲ್ಲ, ಕಳೆದುಕೊಳ್ಳುತ್ತಿದ್ದಾನೆ. ಕೆಲಸಗಳು ಬರುತ್ತವೆ, ಹೋಗುತ್ತವೆ. ಸಂಜೆ ಮನೆಗೆ ಬಂದವರ ಮುಖದಲ್ಲಿ ನಗು ಉಳಿದಿದೆಯೇ ಎಂಬುದನ್ನು ಪಡಸಾಲೆಯಲ್ಲಿ ಕುಳಿತ ನಾವೇ ಗಮನಿಸಬೇಕಾಗಿದೆ.